ಸತ್ತ ಮೇಲೆ ಎರಡು ಲಕ್ಷ, ಸಾಯುವ ಮುಂಚೆ ಇಪ್ಪತ್ತು ಸಾವಿರ

(ಯಾದಗಿರಿ, ಶಹಾಪುರ, ಸುರಪುರ ಕಡೆಯ ರೈತರೂ ತರುಣರೂ ಕೂಡಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಬೆಲೆ ಮತ್ತು ಸಾಲ, ಇವೆರಡು ಬಿಟ್ಟು ನಮ್ಮ ಸಭೆಗಳಲ್ಲಿ ಮೂರನೆಯ ಮಾತು ಬರುವುದು ಕಡಿಮೆ. ಇವತ್ತು ನನಗೆ ಒಪ್ಪಿಸಿರುವ ವಿಷಯ ಹೊಲದಲ್ಲಿ ಆಗುವ ಅಪಘಾತ, ಅದನ್ನು ತಡೆಯುವುದಕ್ಕೆ ಊರಿನ ಹುಡುಗರ ಕೈಗೆ ಸಿಗಬೇಕಾದ ಸಣ್ಣ ಅನುದಾನ. ಮುಂದಿನ ಸಾಲಿನಲ್ಲಿ ಒಂದಿಬ್ಬರು ಹಿರಿಯರು ಆಗಲೇ ಮುಖ ಆ ಕಡೆ ಮಾಡಿದ್ದು ಕಂಡೆ. "ತೊಗರಿಗೆ ರೇಟಿಲ್ಲ, ಇಂವ ಕೈಚೀಲ, ಮಾಸ್ಕಿನ ಕಥಿ ತಂದಾನ" ಅಂತ ಮನಸ್ಸಿನಾಗ ಬಂದಿರಬೇಕು. ಯಜಮಾನ್ರೇ, ಇದೂ ಬೆಲೆಯ ಮಾತೇ ಅದ, ಸಾಲದ ಮಾತೇ ಅದ. ಹ್ಯಾಂಗಂತ ಲೆಕ್ಕ ಮಾಡಿ ತೋರಿಸ್ತೀನಿ, ಸ್ವಲ್ಪ ತಾಳ್ಕೋರಿ.

ಐದೆಕರೆ ಒಣಬೇಸಾಯದ ಒಬ್ಬ ಮನುಷ್ಯನನ್ನು ಲೆಕ್ಕಕ್ಕೆ ಹಿಡಿಯೋಣ. ತೊಗರಿ ರಾಶಿ ದಿವಸ ಬಲಗೈ ಮಷೀನಿಗೆ ಸಿಕ್ಕಿತು. ಕಲಬುರ್ಗಿಗೋ ರಾಯಚೂರಿಗೋ ಓಡಬೇಕು. ಆಯುಷ್ಮಾನ್ ಕಾರ್ಡು ಆಪರೇಷನ್ ಖರ್ಚು ಹೊತ್ತರೂ ಗಾಡಿ ಬಾಡಿಗೆ, ಹೊರಗಿನಿಂದ ತರುವ ಔಷಧಿ, ದವಾಖಾನೆ ಮುಂದೆ ಕೂತವರ ಊಟ, ಮನೆಯಲ್ಲಿ ಮೂರು ತಿಂಗಳು ನಿಂತುಹೋದ ದುಡಿಮೆ, ಇವನ್ನೆಲ್ಲ ಅದು ಹೊರುವುದಿಲ್ಲ. ಎಲ್ಲ ಕೂಡಿ ಒಂದು ಲಕ್ಷ ಅಂತ ಇಟ್ಕೊಳ್ಳೋಣ. ರಾತ್ರಿ ಎಂಟು ಗಂಟೆಗೆ ಯಾವ ಬ್ಯಾಂಕು ಬಾಗಿಲು ತೆಗೆದು ರೊಕ್ಕ ಕೊಡ್ತದ? ಕೊಡಾಂವ ಸಾಹುಕಾರ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಅಂದರೆ ವರ್ಷಕ್ಕೆ 36 ಸಾವಿರ ಬಡ್ಡಿ. 2025-26ಕ್ಕೆ ಕೇಂದ್ರ ಸರ್ಕಾರ ತೊಗರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅಡತಿಯಲ್ಲಿ ಅಷ್ಟು ಸಿಕ್ಕ ದಿನ ನಮಗೆ ಹಬ್ಬ. ಸಿಕ್ಕಿತು ಅಂತಲೇ ಹಿಡಿದರೂ ನಾಲ್ಕೂವರೆ ಕ್ವಿಂಟಲ್ ಬರೀ ಬಡ್ಡಿಗೆ ಹೋಯಿತು. ಒಂದು ಎಕರೆಯ ಪೀಕು ಅನ್ರಿ. ಅಸಲು ಹಾಗೆಯೇ ನಿಂತಿದೆ. ಮುಂದಿನ ವರ್ಷ ಬಲಗೈ ಇಲ್ಲದ ಯಜಮಾನ ಆಳು ಹಚ್ಚಿ ಮಾಡಿಸಬೇಕು, ಅದರ ಕೂಲಿ ಬೇರೆ. ಹೀಗೆ ಎರಡು ಮೂರು ವರ್ಷ ಎಳೆದರೆ ಹೊಲದ ಕಾಗದ ಯಾರ ಪೆಟ್ಟಿಗೆ ಸೇರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ದಿಲ್ಲಿಯ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಲೆಕ್ಕ ನೋಡ್ರಿ. ಬೀಜ, ಗೊಬ್ಬರ, ಎಣ್ಣಿ, ಕೂಲಿ, ಬಾಡಿಗೆ, ಇವು ಎ2. ಮನೆಮಂದಿಯ ದುಡಿಮೆ ಕೂಡಿಸಿದರೆ ಎ2 ಜೊತೆ ಎಫ್‌ಎಲ್. ಸ್ವಂತ ಭೂಮಿಯ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಕೂಡಿಸಿದರೆ ಸಿ2. ಉತ್ಪಾದನಾ ವೆಚ್ಚದ ಮೇಲೆ ಶೇಕಡಾ 50 ಕೂಡಿಸಿ ಬೆಲೆ ಕೊಡಿರಿ ಅಂತ ಸ್ವಾಮಿನಾಥನ್ ಆಯೋಗ ಹೇಳಿತು. ಸಿ2 ಮೇಲೆಯೇ ಕೊಡಬೇಕು ಅಂತ ನಾವು ಕೇಳುತ್ತಲೇ ಇದ್ದೇವೆ, ಕೇಳುತ್ತೇವೆ. ಆದರೆ ಆ ಸಿ2ರಲ್ಲೂ ಹೋದ ಬೆರಳಿಗೆ ಒಂದು ಕಾಲಂ ಇಲ್ಲ. ಎತ್ತಿನ ಸವಕಳಿ, ಎಂಜಿನ್ನಿನ ಸವಕಳಿ ಲೆಕ್ಕಕ್ಕೆ ಬರ್ತದ, ಮನುಷ್ಯನ ಸವಕಳಿ ಬರೋದಿಲ್ಲ. 1948ರ ಕಾರ್ಖಾನೆ ಕಾಯ್ದೆ ಬಂದ ಮೇಲೆ ಮಿಲ್ಲಿನಲ್ಲಿ ಒಬ್ಬನ ಕೈಗೆ ದೊಡ್ಡ ಪೆಟ್ಟು ಬಿದ್ದರೆ ಮಾಲೀಕ ಇನ್‌ಸ್ಪೆಕ್ಟರಿಗೆ ವರದಿ ಬರೆಯಬೇಕಾಯಿತು. ನಮ್ಮ ಕಣದಲ್ಲಿ ಕೈ ಹೋದರೆ ಊರ ಮಂದಿಯ ಬಾಯಲ್ಲಿ ನಾಲ್ಕು ದಿನ ಇರುತ್ತದೆ, ಅಷ್ಟೇ.

ಸರ್ಕಾರದ ಹತ್ತಿರ ರೊಕ್ಕವೇ ಇಲ್ಲ ಅನ್ನುವಂತಿಲ್ಲ. ಸತ್ತ ಮೇಲಿನ ರೇಟು ಅದ ಅಲ್ಲಿ. ಹೊಲದಲ್ಲಿ ಹಾವು ಕಚ್ಚಿ ರೈತ ಸತ್ತರೆ ರಾಜ್ಯದ ಕೃಷಿ ಇಲಾಖೆಯ ಪರಿಹಾರ 2 ಲಕ್ಷ. ಬಣವೆ ಸುಟ್ಟರೆ 20 ಸಾವಿರದ ತನಕ. ಕೇಂದ್ರದ ಪ್ರಧಾನಮಂತ್ರಿ ಸುರಕ್ಷಾ ಬಿಮಾ 2015ರಲ್ಲಿ ವರ್ಷಕ್ಕೆ 12 ರೂಪಾಯಿಗೆ ಶುರುವಾಯಿತು, 2022ರ ಜೂನ್‌ನಿಂದ 20 ರೂಪಾಯಿ ಆಯಿತು. ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕೈ ಪೂರ್ತಿ ಹೋದರೆ 1 ಲಕ್ಷ. ಎರಡು ಬೆರಳು ಹೋದರೆ ಏನೂ ಇಲ್ಲ. ಆ 20 ರೂಪಾಯಿ ಬಿಮಾ ಎಲ್ಲರೂ ಮಾಡಿಸಿರಿ, ಮನೆಯ ಹೆಣ್ಣುಮಕ್ಕಳ ಹೆಸರಲ್ಲೂ ಮಾಡಿಸಿರಿ. ಬ್ಯಾಂಕಿನವರು ಖಾತೆಯಿಂದ ಕಟ್ಟಾಗಿದೆಯೋ ಇಲ್ಲವೋ ವರ್ಷಕ್ಕೊಮ್ಮೆ ಪಾಸ್‌ಬುಕ್ಕಿನಲ್ಲಿ ನೋಡಿರಿ. ನನ್ನ ತಕರಾರು ಬೇರೆ. ಹೆಣಕ್ಕೆ ಎರಡು ಲಕ್ಷ ಇಟ್ಟ ಸರ್ಕಾರ, ಆ ಹೆಣ ಬೀಳದ ಹಾಗೆ ಮಾಡುವ ಊರಿನ ಹುಡುಗರಿಗೆ ಇಪ್ಪತ್ತು ಸಾವಿರ ಯಾಕೆ ಇಡಬಾರದು?

ಈ ಅಪಾಯ ನಮ್ಮ ಅಜ್ಜಂದಿರ ಕಾಲದಲ್ಲಿ ಈ ರೂಪದಲ್ಲಿ ಇರಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭಾ ಕಾಲುವೆಯ ಕರದ ವಿರುದ್ಧ ರೈತರು ಎದ್ದಾಗ ನಮ್ಮ ಕಡೆ ಇನ್ನೂ ಮಳೆ ನೋಡಿ ಬಿತ್ತುವ ಕಾಲ. ನಾರಾಯಣಪುರದ ಆಣೆಕಟ್ಟು ಮುಗಿದದ್ದು 1982ರಲ್ಲಿ. ಅದರ ಎಡದಂಡೆ ಕಾಲುವೆ, ಶಹಾಪುರ ಶಾಖಾ ಕಾಲುವೆ ಬಂದವು. ನೀರು ಬಂತು, ಭತ್ತ ಬಂತು, ಹತ್ತಿ, ಮೆಣಸಿನಕಾಯಿ ಬಂತು. ನೀರಿನ ಬೆನ್ನಿಗೆ ಟ್ರಾಕ್ಟರ್, ಪಂಪ್‌ಸೆಟ್, ರಾಶಿ ಮಷೀನು, ಎಣ್ಣಿ ಡಬ್ಬಿ. ಇವನ್ನೆಲ್ಲ ಮಾರಿದ ಕಂಪನಿಗಳು ಸಾಲ ಕೊಡಿಸಲು ಮನೆ ಬಾಗಿಲಿಗೆ ಬಂದವು. ಇದನ್ನು ನಡೆಸುವಾಗ ಹ್ಯಾಂಗ ನಿಲ್ಲಬೇಕು, ಎಲ್ಲಿ ಕೈ ಇಡಬಾರದು ಅಂತ ಹೇಳಲು ಎಷ್ಟು ಮಂದಿ ಬಂದರು? ಶಹಾಪುರದ ಗುಡ್ಡದ ಮೇಲೆ ಬುದ್ಧ ಮಲಗ್ಯಾನ, ಅದು ನೋಡಲಿಕ್ಕೆ ಚಂದ. ಇಲಾಖೆ ಮಲಗಿದ್ದು ನೋಡಲಿಕ್ಕೆ ಚಂದ ಇಲ್ಲ.

ಮೊದಲು ರಾಶಿ ಮಷೀನು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳ್ತೀನಿ, ಯಾಕಂದ್ರ ಇದು ಪೂರ್ತಿ ನಮ್ಮ ಕೈಯಾಗ ಇರೋದು. ಟ್ರಾಕ್ಟರಿನ ಹಿಂದಿನ ಪಿಟಿಓ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಶಾಫ್ಟು ಏಳು ಸೆಂಟಿಮೀಟರ್ ದಪ್ಪ ಇದ್ದರೆ ಒಂದು ಸೆಕೆಂಡಿನಲ್ಲಿ ಸುಮಾರು ಎರಡು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್ಲಿನ ಉದ್ದ ಎಷ್ಟು? ಸೆರಗಿನ ಉದ್ದ ಎಷ್ಟು? "ಅಯ್ಯೋ" ಅನ್ನುವುದರೊಳಗೆ ಮನುಷ್ಯ ಶಾಫ್ಟಿನ ಮೇಲೆ ಇರುತ್ತಾನೆ. ಹೊಸ ಮಷೀನಿಗೆ ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕೊಳವೆಯ ಮುಚ್ಚಳ ಬರುತ್ತದೆ. ಗ್ರೀಸ್ ಹಚ್ಚಲು ಅಡ್ಡಿ ಅಂತ ಬಿಚ್ಚಿ ಒಗೆಯುತ್ತೇವೆ, ಅದು ದನದ ಕೊಟ್ಟಿಗೆಯ ಮೂಲೆ ಸೇರುತ್ತದೆ.

ಇನ್ನು ಮಷೀನಿಗೆ ಉಣಿಸುವ ಬಾಯಿ. ಉಣಿಸುವ ತೊಟ್ಟಿ ಕಡಿಮೆ ಎಂದರೆ 90 ಸೆಂಟಿಮೀಟರ್ ಉದ್ದ ಇರಬೇಕು, ಅದರಲ್ಲಿ ಮಷೀನಿನ ಕಡೆಯ 45 ಸೆಂಟಿಮೀಟರ್ ಮೇಲಿನಿಂದ ಮುಚ್ಚಿರಬೇಕು ಅಂತ ಭಾರತೀಯ ಮಾನಕವೇ ಇದೆ. ಕಾರಣ ಸಾದಾ ಇದೆ. ಅಷ್ಟು ಉದ್ದ ಇದ್ದರೆ ಮನುಷ್ಯನ ಕೈ ಒಳಗಿನ ಹಲ್ಲಿಗೆ ಮುಟ್ಟುವುದಿಲ್ಲ. 1983ರಲ್ಲಿ ಪಾರ್ಲಿಮೆಂಟು ಅಪಾಯಕಾರಿ ಯಂತ್ರಗಳ ಕಾಯ್ದೆ ಮಾಡಿದ್ದು ಮುಖ್ಯವಾಗಿ ಈ ರಾಶಿ ಮಷೀನಿನ ಸಲುವಾಗಿ. ಕಾಯ್ದೆ ಪುಸ್ತಕದಾಗ ಅದ, ಕಣದಾಗ ಇಲ್ಲ. ತೊಟ್ಟಿ ಗಿಡ್ಡ ಇದ್ದ ಮಷೀನು ಹತ್ತಾರು ಊರಲ್ಲಿ ಬಾಡಿಗೆಗೆ ತಿರುಗುತ್ತಿದೆ. ಒಂದು ತಗಡು, ನಾಲ್ಕು ಪಟ್ಟಿ, ಪಟ್ಟಣದ ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಊರಿನ ಐದು ಹುಡುಗರು ರಾಶಿ ಶುರುವಾಗುವ ಮುಂಚೆ ಊರಿಗೆ ಬರುವ ಮಷೀನುಗಳ ಪಟ್ಟಿ ಮಾಡಿ, ಎಲ್ಲಕ್ಕೂ ತೊಟ್ಟಿಗೆ ಮುಚ್ಚಳ, ಶಾಫ್ಟಿಗೆ ಹೊದಿಕೆ ಹಾಕಿಸಿದರೆ ಅದೇ ಒಂದು ಯೋಜನೆ. ಅದಕ್ಕೆ ಬೆಂಗಳೂರಿನಿಂದ ತಜ್ಞರು ಬರಬೇಕಾಗಿಲ್ಲ. ಬೇಕಾದರೆ ಭೀಮರಾಯನಗುಡಿಯ ಕೃಷಿ ಕಾಲೇಜು ಇದೆ, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇದೆ. ಅಲ್ಲಿಯವರನ್ನು ಕರೆದು ಅಳತೆ ಸರಿ ಇದೆಯೋ ಇಲ್ಲವೋ ನೋಡಿಸಬಹುದು.

ಎಣ್ಣಿ ಹೊಡೆಯುವ ಮಾತಿಗೆ ಬರ್ತೀನಿ. ಇದು ಕಹಿ ಮಾತು, ನಮಗೇ ಕಹಿ. 2017ರಲ್ಲಿ ಪಕ್ಕದ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಎಣ್ಣಿ ಹೊಡೆಯುತ್ತಲೇ ವಿಷ ಏರಿ ಇಪ್ಪತ್ತರ ಸುಮಾರು ರೈತರೂ ಕೂಲಿಕಾರರೂ ಸತ್ತರು, ನೂರಾರು ಮಂದಿ ದವಾಖಾನೆ ಸೇರಿದರು. ಆ ವರ್ಷ ಹತ್ತಿ ಗಿಡ ಮನುಷ್ಯನಿಗಿಂತ ಎತ್ತರ ಬೆಳೆದಿತ್ತು, ಹೊಡೆದದ್ದು ಮುಖದ ಮೇಲೆ ಮಂಜಿನ ಹಾಗೆ ಇಳಿಯಿತು. ನಮ್ಮ ಸುರಪುರ, ಶಹಾಪುರದ ಕಪ್ಪು ನೆಲದ ಹತ್ತಿಗೂ ಯವತ್ಮಾಳದ ಹತ್ತಿಗೂ ಏನು ಫರಕು? 2002ರಲ್ಲಿ ಬಿಟಿ ಹತ್ತಿ ಬಂದಾಗ ಇನ್ನು ಎಣ್ಣಿ ಖರ್ಚು ಇಲ್ಲ ಅಂದರು. ಗುಲಾಬಿ ಕಾಯಿಕೊರಕ ತಿರುಗಿ ಬಂತು, ಪಂಪು ಮತ್ತೆ ಬೆನ್ನೇರಿತು.

ಆ ಪಂಪು ಯಾರ ಬೆನ್ನಿನ ಮೇಲೆ ಇದೆ? ಇಲ್ಲಿ ಕೂತವರಲ್ಲಿ ಹೆಚ್ಚಿನವರು ಹೊಲ ಇದ್ದವರು. ನಾವು ಬದುವಿನ ಮೇಲೆ ನಿಲ್ತೀವಿ. ಹೊಡೆಯೋನು ಕೂಲಿಗೆ ಬಂದ ಹುಡುಗ. ನೀರು ಹೊತ್ತು ಕೊಡುವವಳು ಅವನ ಅವ್ವನೋ ತಂಗಿಯೋ. ಬಾಯಿಗೆ ಒದ್ದೆ ಟವೆಲ್ ಕಟ್ಟಿದರೆ ಸಾಕು ಅಂತ ನಾವು ತಿಳಿದಿದ್ದೇವೆ. ವಿಷದಲ್ಲಿ ತೋಯ್ದ ಬಟ್ಟೆ ವಿಷವನ್ನು ಮೂಗಿನ ಹತ್ತಿರವೇ ಹಿಡಿದು ಇಡುತ್ತದೆ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲೇ ಟ್ರಾಕ್ಟರ್, ಯಂತ್ರ ಹಚ್ಚಿ ಮಾಡುವ ಒಕ್ಕಲುತನದ ಆಳಿನ ಹೆಸರೂ ಸೇರಿತ್ತು. ಪರಿಹಾರ ಕೊಡಬೇಕಾದವರು ಯಾರು? ಹೊಲದ ಒಡೆಯರು, ಅಂದರೆ ನಾವು. ಹದಿನಾಲ್ಕು ದಾಟದ ಮಕ್ಕಳನ್ನು ಕೂಲಿಗೆ ಹಚ್ಚುವುದನ್ನು 2016ರ ತಿದ್ದುಪಡಿ ಪೂರ್ತಿ ನಿಷೇಧಿಸಿದೆ. ಸಾಲ ವಸೂಲಿಗೆ ಬಂದವನ ಎದುರು ನ್ಯಾಯ ಮಾತಾಡುವ ನಾವು, ನಮ್ಮ ಹೊಲದ ಆಳಿಗೆ ಒಂದು ಸಬಕಾರ, ಒಂದು ಕೊಡ ಚೊಕ್ಕ ನೀರು ಬದುವಿನ ಮೇಲೆ ಇಡದಿದ್ದರೆ ನಮ್ಮ ಮಾತಿಗೆ ತೂಕ ಎಲ್ಲಿಂದ ಬರಬೇಕು?

ಡಬ್ಬಿಯ ಮೇಲೆ ಒಂದು ಚೌಕ ಇರುತ್ತದೆ, ಮೂಲೆ ಮೇಲೆ ನಿಲ್ಲಿಸಿದ ಹಾಗೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿರಿ. ಕೆಂಪು ಅಂದರೆ ಭಾರಿ ವಿಷ, ಆಮೇಲೆ ಹಳದಿ, ನೀಲಿ, ಕಡೆಗೆ ಹಸಿರು. 1971ರ ಕೀಟನಾಶಕ ನಿಯಮಗಳಿಂದ ಬಂದದ್ದು ಇದು. ಡಬ್ಬಿಯ ಜೊತೆಗಿನ ಚೀಟಿಯಲ್ಲಿ ಕನ್ನಡವೂ ಇರಬೇಕು. ಇರ್ತದ, ಇರುವೆ ಕಾಲಿನಷ್ಟು ಅಕ್ಷರದಾಗ. ನಮ್ಮ ಕಡೆ ಬಹಳ ಓಡಿದ ಮೊನೊಕ್ರೋಟೊಫಾಸ್ ಕೆಂಪು ಬಣ್ಣದ್ದು. ಅದರ 36 ಎಸ್‌ಎಲ್ ನಿಲ್ಲಿಸಲು ಕೇಂದ್ರ 2023ರಲ್ಲಿ ಆದೇಶ ಹೊರಡಿಸಿತು. ಅಟ್ಟದ ಮೇಲೆ ಹಳೇ ಡಬ್ಬಿ ಉಳಿದಿದ್ದರೆ ತೆಗೆಯಿರಿ. ಖಾಲಿ ಡಬ್ಬಿಯನ್ನು ತೊಳೆದು ಕುಡಿಯುವ ನೀರಿಗೆ ಇಡುವುದನ್ನು ಇವತ್ತೇ ಬಿಡಿರಿ. ಹೊಡೆಯುವವನಿಗೆ ಕಣ್ಣು ಮಂಜಾಗಿ, ಜೊಲ್ಲು ಸುರಿದು, ಬೆವತು ವಾಂತಿ ಬಂದರೆ ಬಟ್ಟೆ ಕಳಚಿ, ಸಬಕಾರ ಹಚ್ಚಿ ಮೈ ತೊಳೆದು, ಡಬ್ಬಿಯನ್ನೂ ಜೊತೆಗೆ ಕೊಟ್ಟು ದವಾಖಾನೆಗೆ ಒಯ್ಯಬೇಕು. ಯಾವ ವಿಷ ಅಂತ ಡಾಕ್ಟರಿಗೆ ಗೊತ್ತಾಗುವುದು ಆ ಡಬ್ಬಿಯಿಂದ. ತರುಣರು ಇದನ್ನು ದೊಡ್ಡ ಅಕ್ಷರದಲ್ಲಿ ಗುಡಿಯ ಗೋಡೆ, ಸೊಸೈಟಿಯ ಗೋಡೆ, ಎಣ್ಣಿ ಅಂಗಡಿಯ ಎದುರಿನ ಗೋಡೆಯ ಮೇಲೆ ಬರೆಸಲಿ. ಸುಣ್ಣ ಬಣ್ಣಕ್ಕೆ ಎಷ್ಟು ಬೇಕು?

ಹಾವಿನ ಮಾತು. ಇಲ್ಲಿ ಹುಡುಗರ ಅನುದಾನ ಒಂದರಿಂದಲೇ ಕೆಲಸ ಆಗೋದಿಲ್ಲ, ಸರ್ಕಾರದ ಕೊರಳಪಟ್ಟಿಗೆ ಕೈ ಹಾಕಬೇಕಾಗುತ್ತದೆ. ಜೆಸ್ಕಾಂ ಮೂರು ಫೇಸ್ ಕರೆಂಟು ಪಾಳಿಯ ಮೇಲೆ ಬಿಡುತ್ತದೆ, ನಮ್ಮ ಪಾಳಿ ನಟ್ಟನಡುರಾತ್ರಿ ಬಂದರೆ ಕತ್ತಲಲ್ಲೇ ಎದ್ದು ಹೋಗಬೇಕು. ತೋಯ್ದ ನೆಲ, ಬರಿಗಾಲು, ಅರ್ಥಿಂಗ್ ಇಲ್ಲದ ಸ್ಟಾರ್ಟರ್ ಡಬ್ಬಿ, ಬದುವಿನಲ್ಲಿ ಮಂಡಲದ ಹಾವು. ಇಂಥಲ್ಲಿ ಸತ್ತವನು ಹಾವಿನಿಂದ ಸತ್ತನೋ, ರಾತ್ರಿ ಕರೆಂಟಿನಿಂದ ಸತ್ತನೋ? ಹಗಲು ಕರೆಂಟು ಬೇಕು ಅನ್ನುವ ಬೇಡಿಕೆಯನ್ನು ಸುರಕ್ಷತೆಯ ಬೇಡಿಕೆಯಾಗಿಯೂ ಬರೆಯಿರಿ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಪ್ರಕರಣ ಅಂತ ಘೋಷಿಸಿತು. ಅದು ಒಳ್ಳೆಯ ಕೆಲಸ, ಎಣಿಕೆ ಆದರೆ ಔಷಧಿ ಎಲ್ಲಿ ಬೇಕು ಅಂತ ಗೊತ್ತಾಗುತ್ತದೆ. ಅಲ್ಲಿಯ ತನಕ ಹುಡುಗರು ಮಾಡಬಹುದಾದದ್ದು: ಯಾವ ಸರ್ಕಾರಿ ದವಾಖಾನೆಯಲ್ಲಿ ಹಾವಿನ ವಿಷದ ಇಂಜೆಕ್ಷನ್ ಇದೆ ಅಂತ ತಿಂಗಳಿಗೊಮ್ಮೆ ಕೇಳಿ ಪಂಚಾಯ್ತಿ ಬೋರ್ಡಿನ ಮೇಲೆ ಬರೆಯುವುದು, ರಾತ್ರಿ ಒಯ್ಯುವ ಗಾಡಿಗಳ ಫೋನ್ ನಂಬರು ಬರೆಯುವುದು, ನೀರು ಬಿಡಲು ಹೋಗುವವರಿಗೆ ಬೂಟು, ಬ್ಯಾಟರಿ ಕೊಡಿಸುವುದು. ಮಂತ್ರ ಹಾಕುವವರ ಮನೆಗೆ ಮೊದಲು ಹೋಗುವುದನ್ನು ನಿಲ್ಲಿಸುವುದು ಹಿರಿಯರ ಕೆಲಸ, ಹುಡುಗರ ಮಾತು ಅಲ್ಲಿ ನಡೆಯುವುದಿಲ್ಲ.

ಕೃಷಿ ಹೊಂಡಕ್ಕೆ ಬೇಲಿ, ಪ್ಲಾಸ್ಟಿಕ್ ಹೊದಿಸಿದ ಹೊಂಡದ ಜಾರುವ ಗೋಡೆಗೆ ನಾಲ್ಕು ಕಡೆ ಗಂಟು ಹಾಕಿದ ಹಗ್ಗ, ಕಾಲುವೆ ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುವ ಕಡೆ ಹಿಡಿಯಲು ಒಂದು ಸರಪಳಿ, ಟ್ರಾಲಿಗಳ ಹಿಂದೆ ಕೆಂಪು ರಿಫ್ಲೆಕ್ಟರ್. ಇವು ಹೇಳುವುದಕ್ಕಿಂತ ಮಾಡುವುದೇ ಬೇಗ ಆಗುತ್ತದೆ. ಬತ್ತಿದ ಕೊಳವೆಬಾವಿಯ ಬಾಯಿ ಮುಚ್ಚಬೇಕು ಅಂತ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಕೂಸು ಕೊಳವೆಬಾವಿಗೆ ಬಿದ್ದಾಗ ನಾಡೆಲ್ಲ ಎದ್ದು ಕೂತಿತ್ತು. ಸುಮಾರು 20 ತಾಸು ಅಗೆದು ಜೀವಂತ ತೆಗೆದರು. ದೇವರು ದೊಡ್ಡವನು. ಒಂದು ಕಬ್ಬಿಣದ ಮುಚ್ಚಳ ಅದಕ್ಕಿಂತ ಅಗ್ಗ.

ತರುಣರ ಕೈಗೆ ರೊಕ್ಕ ಕೊಟ್ಟರೆ ಹಾಳು ಮಾಡ್ತಾರೆ ಅನ್ನುವವರಿಗೆ ಎರಡು ಸಂಗತಿ ಹೇಳುತ್ತೇನೆ. ಅಮೆರಿಕದ ಅಯೋವಾ ರಾಜ್ಯದ ರೈತ ಹೆಣ್ಣುಮಗಳು ಮೆರಿಲಿನ್ ಆಡಮ್ಸ್. 1986ರಲ್ಲಿ ಆಕೆಯ 11 ವರ್ಷದ ಮಗ ಮೆಕ್ಕೆಜೋಳ ತುಂಬಿದ ಗಾಡಿಯ ಕಾಳಿನಲ್ಲಿ ಮುಳುಗಿ ಉಸಿರುಗಟ್ಟಿ ಸತ್ತ. ಆಕೆ ಮರುವರ್ಷವೇ ರೈತರ ಮಕ್ಕಳ ಸುರಕ್ಷತೆಗೆಂದು ಸಂಘಟನೆ ಕಟ್ಟಿದಳು, ಊರೂರಿಗೆ ಅದರ ಶಾಖೆ ಆಯಿತು. ಆ ದೇಶದಲ್ಲಿ ರೈತರ ಮಕ್ಕಳ ಸಂಘಗಳು ಸಣ್ಣ ಸಣ್ಣ ಅನುದಾನ ಪಡೆದು ಟ್ರಾಕ್ಟರ್ ತರಬೇತಿ, ಶಾಫ್ಟಿನ ಮುಚ್ಚಳದಂಥ ಕೆಲಸ ಮಾಡುತ್ತಾ ಬಂದಿವೆ. ಅಲ್ಲಿಯ ರೈತನ ಸಬ್ಸಿಡಿ ನಮಗಿಲ್ಲ, ಆ ಮಾತು ಬೇರೆ. ಎರಡನೆಯದು ನಮ್ಮ ಭಾಷೆಯವರದೇ. ಕಾಸರಗೋಡಿನ ಪಡ್ರೆಯಲ್ಲಿ ಗೇರು ತೋಟದ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮಕ್ಕಳು ಯಾಕೆ ಹೀಗೆ ಹುಟ್ಟುತ್ತಿದ್ದಾರೆ ಅಂತ ಮೊದಲು ಕೇಳಿದವರಲ್ಲಿ ಅಲ್ಲಿಯ ಹಳ್ಳಿ ಡಾಕ್ಟರ್ ವೈ.ಎಸ್. ಮೋಹನ ಕುಮಾರ್ ಒಬ್ಬರು, ಅದನ್ನು ಪತ್ರಿಕೆಗಳಲ್ಲಿ ಬರೆದವರು ಶ್ರೀ ಪಡ್ರೆ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಊರಿನವರು ಎಣಿಸದೆ ಬಿಟ್ಟಿದ್ದರೆ ಅದೂ ಬರುತ್ತಿರಲಿಲ್ಲ.

ಆದ್ದರಿಂದ ಹುಡುಗರೇ, ನಿಮ್ಮ ಮೊದಲ ಕೆಲಸಕ್ಕೆ ಅನುದಾನವೂ ಬೇಡ. ಒಂದು ದಾಖಲೆ ಪುಸ್ತಕ ಸಾಕು. ಹೋದ ಐದು ವರ್ಷದಲ್ಲಿ ಊರಲ್ಲಿ ಯಾರ್ಯಾರಿಗೆ ಹೊಲದಲ್ಲಿ ಏನಾಯಿತು, ಎಷ್ಟು ಖರ್ಚಾಯಿತು, ಆ ರೊಕ್ಕ ಎಲ್ಲಿಂದ ಬಂತು, ಬಡ್ಡಿ ಎಷ್ಟು, ಹೊಲ ಉಳಿಯಿತೋ ಹೋಯಿತೋ ಬರೆಯಿರಿ. ತಾಂಡಾ, ಕೇರಿ ಬಿಡಬ್ಯಾಡ್ರಿ. ಬೇರೆಯವರ ಹೊಲದಲ್ಲಿ ಕೈ ಕಳೆದುಕೊಂಡವರು ಹೆಚ್ಚಾಗಿ ಅಲ್ಲೇ ಸಿಗ್ತಾರ.

ಆ ಪುಸ್ತಕ ಹಿಡಿದು ಗ್ರಾಮಸಭೆಗೆ ಹೋಗಿ ಕೇಳಬೇಕು. ಎಷ್ಟು ಕೇಳಬೇಕು? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ 5,000 ಕೋಟಿ ಅಂದರು. ಒಂದು ಪಂಚಾಯ್ತಿಗೆ 50 ಸಾವಿರದಂತೆ ನೂರು ಪಂಚಾಯ್ತಿಗೆ ಕೊಟ್ಟರೆ 50 ಲಕ್ಷ. ಸಾವಿರ ರೂಪಾಯಿಯಲ್ಲಿ ಹತ್ತು ಪೈಸೆ. 371(ಜೆ) ಅಂತ ಸಂವಿಧಾನಕ್ಕೆ ತಿದ್ದುಪಡಿ ತಂದದ್ದು ಬರೀ ಸಿಮೆಂಟು ಹಾಕುವುದಕ್ಕೆ ಅಲ್ಲವಲ್ಲ? ಒಂದೊಂದು ಊರಿನ ತರುಣ ಸಂಘಕ್ಕೆ ಹತ್ತು, ಇಪ್ಪತ್ತು ಸಾವಿರ ಸಾಕು. ಅರ್ಜಿ ಒಂದೇ ಪುಟ ಇರಬೇಕು, ಕನ್ನಡದಲ್ಲಿ ಇರಬೇಕು.

ಇದರಲ್ಲಿ ಮೋಸ ಎಲ್ಲಿ ನುಗ್ಗುತ್ತದೆ ಅಂತಲೂ ಹೇಳಿಬಿಡ್ತೀನಿ. ರೊಕ್ಕ ಬಂತು ಅಂದ ಕೂಡಲೇ ಒಬ್ಬ ಗುತ್ತೇದಾರ ಕಿಟ್ ತಗೊಂಡು ಬರ್ತಾನ. ಡಬ್ಬದಾಗ ಹರಿಯುವ ಕೈಚೀಲ, ಬಿಸಿಲಿಗೆ ಹಾಕಲಾಗದ ಮಾಸ್ಕು, ಮೇಲೆ ಶಾಸಕರ ಫೋಟೋ. ಅರ್ಧ ರೊಕ್ಕ ಬ್ಯಾನರಿಗೆ, ಟೀ ಶರ್ಟಿಗೆ ಹೋಗ್ತದ. ಆದ ಕಾರಣ ಅನುದಾನ ಸಾಮಾನಿನ ರೂಪದಲ್ಲಿ ಬೇಡ ಅಂತ ಹಟ ಹಿಡಿಯಿರಿ. ಊರೇ ಕೊಳ್ಳಲಿ, ಊರೇ ಮಾಡಿಸಲಿ. ಖರ್ಚಿನ ಚೀಟಿಗಳನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಸಂಘದಲ್ಲಿ ಅರ್ಧ ಮಂದಿ ಕೂಲಿ ಮನೆಯವರು ಇರಬೇಕು, ಹೆಣ್ಣುಮಕ್ಕಳು ಇರಬೇಕು. ಗೌಡ್ರ ಮಗ, ಸಾಹುಕಾರ್ರ ಮಗ ಸೇರಿ ಒಂದು ಸಂಘ ಮಾಡಿಕೊಂಡರೆ ಅದು ಕ್ರಿಕೆಟ್ ಟೀಮಾಗಿ ಮುಗಿಯುತ್ತದೆ. ಎಣ್ಣಿ ಕಂಪನಿ ಬಂದು ನಿಮ್ಮ ಯೋಜನೆಗೆ ರೊಕ್ಕ ಕೊಡ್ತೀವಿ ಅಂದರೆ ಬ್ಯಾಡ ಅನ್ರಿ. ವಿಷ ಮಾರಿದವರ ರೊಕ್ಕದಾಗ ಆ ವಿಷದ ಸುದ್ದಿ ಬರೆಯೋಕೆ ಬರೋದಿಲ್ಲ. ಇದನ್ನು ಕೊಟ್ಟೆವಲ್ಲ, ಇನ್ನು ಬೆಲೆ ಯಾಕೆ ಕೇಳ್ತೀರಿ ಅಂತ ಅಧಿಕಾರಿ ಅಂದರೆ ಆ ಲೆಕ್ಕದ ಪುಸ್ತಕ ಅವರ ಮೇಜಿನ ಮೇಲೆ ಇಡಿರಿ. ಬೆಲೆ ಆಯೋಗಕ್ಕೆ ನಾವು ಕಳಿಸುವ ಮನವಿಯ ಜೊತೆ ಅದೇ ಪುಸ್ತಕದ ನಕಲು ಹೋಗಬೇಕು.

ತೊಗರಿ ರಾಶಿ ಡಿಸೆಂಬರಿಗೆ ಶುರುವಾಗುತ್ತದೆ. ಅನುದಾನ ಅಷ್ಟರೊಳಗೆ ಬರುವುದಿಲ್ಲ, ನನಗೆ ಗೊತ್ತು. ಮಷೀನು ಇಟ್ಟವರು ಈ ಸಭೆಯಲ್ಲೇ ಏಳೆಂಟು ಮಂದಿ ಇದ್ದೀರಿ. ತಗಡಿನ ಖರ್ಚು ಈ ಸಲ ನೀವೇ ಹಾಕ್ರಿ, ಕೆಲಸ ಹುಡುಗರು ಮಾಡ್ತಾರ. ಸಭೆ ಮುಗಿದ ಮೇಲೆ ಹೊರಗೆ ಬೇವಿನ ಗಿಡದ ಕೆಳಗೆ ಟೇಪು, ಪೆನ್ನು ಹಿಡಿದು ಇಬ್ಬರು ತರುಣರು ಕೂತಿರ್ತಾರ. ನಿಮ್ಮ ಮಷೀನು ಎಲ್ಲಿ ನಿಂತದ, ಯಾವಾಗ ಬಂದು ತೊಟ್ಟಿ ಅಳೀಬೇಕು ಅಂತ ಬರೆಸಿ ಹೋಗ್ರಿ.